ಪಂಕ್ತಿಯಿಂದ ಉಣ್ಣದೆ ಎದ್ದ ಹುಡುಗರು

ಹೋದ ತಿಂಗಳು, ನಾನು ಅಡುಗೆ ಮಾಡಿ ನಿವೃತ್ತಳಾದ ಮಾಗಡಿಯ ಹುಡುಗರ ಹಾಸ್ಟೆಲಿಗೆ ಹೊಸದಾಗಿ ಅಡುಗೆಗೆ ಸೇರಿದ ಇಬ್ಬರು ಹೆಣ್ಣುಮಕ್ಕಳು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಅಷ್ಟು ದೊಡ್ಡ ಪಾತ್ರೆಯಲ್ಲಿ ಹಿಟ್ಟು ಗಂಟಾಗದಂತೆ ತೊಳಸುವುದು ಹೇಗೆ, ಸಾರು ಕೊನೆಯ ಹುಡುಗನವರೆಗೂ ಬರುವಂತೆ ಬಡಿಸುವುದು ಹೇಗೆ ಎಂದು ಕೇಳಿದರು. ಗೊತ್ತಿದ್ದಷ್ಟು ಹೇಳಿಕೊಟ್ಟೆ. ಆದರೆ ಅವರು ಕೇಳದೆ ಹೋದ ಒಂದು ಪ್ರಶ್ನೆ ಇದೆ. ಉಣ್ಣದೆ ಎದ್ದು ಹೋಗುವ ಹುಡುಗನನ್ನು ಏನು ಮಾಡಬೇಕು? ಪ್ರತಿ ವರ್ಷ ಅಂಥವನೊಬ್ಬ ಬಂದೇ ಬರುತ್ತಾನೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಅಕ್ಷರ ತಿದ್ದಿದ್ದು ಮಗಳು, ಮಾತು ನನ್ನವು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಈ ಕೆಲಸವನ್ನು ಊರ ಮಕ್ಕಳ ವಿಷಯದಲ್ಲಿ ಒಂದಿಷ್ಟು ನೆಟ್ಟಗೆ ಮಾಡಿದೆ, ಸ್ವಂತ ತಮ್ಮನ ವಿಷಯದಲ್ಲಿ ಕೆಡಿಸಿದೆ. ಅದಾದ ಮೇಲೆ ಅವನು ವರ್ಷಗಟ್ಟಲೆ ನನ್ನ ಕೈಯಡುಗೆ ಮುಟ್ಟಲಿಲ್ಲ. ಅವನು ಮತ್ತೆ ನನ್ನ ಮನೆಯಲ್ಲಿ ಕೂತು ಉಂಡರೆ ಸಾಕು ಎಂದು ನಾನು ಬೇಡದ ದಿನವಿರಲಿಲ್ಲ.

ನಾನು ಸೇರಿದಾಗ ಹಾಸ್ಟೆಲಿನಲ್ಲಿ ಸೌದೆ ಒಲೆ. ಹಿಟ್ಟು ತೊಳಸಬೇಕಾದರೆ ಒಬ್ಬರು ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿಯಬೇಕು, ಇನ್ನೊಬ್ಬರು ಕೋಲು ಹಾಕಿ ತಿರುವಬೇಕು. ಮುದ್ದೆ ಕಟ್ಟಿ ಕಟ್ಟಿ ಅಂಗೈ ಚರ್ಮ ಚಪ್ಪಲಿಯಂತಾಗಿತ್ತು. ಆಮೇಲೆ ಗ್ಯಾಸು ಬಂತು, ಬೆಳಗಿನ ತಿಂಡಿಗೆ ಇಡ್ಲಿ, ಉಪ್ಪಿಟ್ಟು ಬಂದವು. ಹುಡುಗರೂ ಬದಲಾದರು. ಬಿಡದಿ ಕಡೆ ಕಾರ್ಖಾನೆಗಳೆದ್ದವು, ರಾಮನಗರ, ಕನಕಪುರದ ಸುತ್ತ ಗಾರ್ಮೆಂಟ್ಸ್ ಬಂದವು, ಹೊತ್ತು ಮೂಡುವ ಮುಂಚೆ ಕಂಪನಿ ಬಸ್ಸುಗಳು ಹಳ್ಳಿಹಳ್ಳಿಯ ತಾಯಂದಿರನ್ನು ತುಂಬಿಕೊಂಡು ಹೋಗತೊಡಗಿದವು. ಮನೆಯಲ್ಲಿ ಉಣ್ಣಿಸುವವರಿಲ್ಲ ಎಂದೇ ಮಕ್ಕಳನ್ನು ಹಾಸ್ಟೆಲಿಗೆ ಬಿಡುವವರು ಹೆಚ್ಚಾದರು. ಆ ತಾಯಂದಿರನ್ನು ಬಯ್ಯುವವರು ಬಹಳ ಮಂದಿ ಇದ್ದರು. ನಾನು ಬಯ್ಯಲಿಲ್ಲ. ನಾನೂ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಊರ ಮಕ್ಕಳಿಗೆ ಬೇಯಿಸಲು ಹೋಗುತ್ತಿದ್ದವಳೇ.

ಮೊದಲು ನನ್ನನ್ನು ಕಂಗೆಡಿಸಿದ ಹುಡುಗ ಮಂಜ. ಅವನಿಗೆ ಬಿಳಿ ಅನ್ನ, ಮೊಸರು ಬಿಟ್ಟು ಬೇರೆ ಬೇಡ. ಸಾರಿನ ಒಂದು ಹನಿ ಅನ್ನದ ಮೇಲೆ ಬಿದ್ದರೆ ಆ ತಟ್ಟೆಯನ್ನೇ ದೂಡುತ್ತಿದ್ದ. ಹುಡುಗ ಕಡ್ಡಿಯಂತಿದ್ದ. ನಾನು ಜಾಣತನ ಮಾಡಿದೆ. ದಂಟಿನ ಸೊಪ್ಪನ್ನು ಬೇಯಿಸಿ, ರುಬ್ಬಿ, ಸೋಸಿ, ಅವನ ಅನ್ನಕ್ಕೆ ಕಾಣದ ಹಾಗೆ ಕಲಸಿ, ಮೇಲೆ ಮೊಸರು ಹಾಕಿದೆ. ಅವನು ಒಂದು ತುತ್ತು ಬಾಯಿಗಿಟ್ಟ. ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದ.

"ಅಕ್ಕ, ಇದ್ರಾಗೆ ಏನೋ ಹಾಕ್ಬುಟ್ಟಿದ್ದೀರಿ."

"ಏನೂ ಇಲ್ಲ ಕಣಪ್ಪ, ಉಣ್ಣು" ಅಂದೆ.

ಸುಳ್ಳೆಂದು ಅವನಿಗೆ ಗೊತ್ತಾಯಿತು. ಮಾರನೆಯ ದಿನದಿಂದ ಅನ್ನವನ್ನೂ ಬಿಟ್ಟ. ಅವನಿಗೆ ನಂಬಿಕೆಯಿದ್ದದ್ದು ಅದೊಂದೇ ಊಟದ ಮೇಲೆ. ಅದನ್ನೂ ನಾನು ಕಿತ್ತುಕೊಂಡೆ. ಅವರಪ್ಪ ಬಂದು ಕರೆದುಕೊಂಡು ಹೋಗುವಾಗ ಹೇಳಿದ್ದು ಇಷ್ಟೇ: "ಮನೇಲಾರ ಅನ್ನ ತಿಂತಿದ್ದ ಕಣವ್ವ." ಹೊಸ ಹೆಣ್ಣುಮಕ್ಕಳೇ, ಇದೊಂದನ್ನು ನೆನಪಿಡಿ. ಮಗು ತಿನ್ನುವ ಅನ್ನದೊಳಗೆ ಏನನ್ನೂ ಬಚ್ಚಿಡಬೇಡಿ.

ಅದರ ಮಾರನೆಯ ವರ್ಷ ನನ್ನ ತಮ್ಮ ಸಿದ್ದರಾಜ ಎಂಟನೇ ಕ್ಲಾಸಿಗೆ ನಮ್ಮ ಹಾಸ್ಟೆಲಿಗೇ ಬಂದ. ನಮ್ಮವ್ವನ ಮಕ್ಕಳಲ್ಲಿ ನಾನು ಮೊದಲನೆಯವಳು, ಅವನು ಕೊನೆಯವನು. ನಾನು ಗಂಡನ ಮನೆಗೆ ಹೋದ ವರ್ಷವೇ ಹುಟ್ಟಿದವನು. ತಮ್ಮನೆನ್ನುವುದಕ್ಕಿಂತ ಮಗನ ಹಾಗೆ.

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುವುದು. ಎಷ್ಟು ದೊಡ್ಡ ತುತ್ತು ನುಂಗುತ್ತಾನೆ ಅನ್ನುವುದರಲ್ಲೇ ಗಂಡುಹುಡುಗನ ಮರ್ಯಾದೆ. ಸಿದ್ದ ಚಿಕ್ಕವನಿದ್ದಾಗ ಗುಡೇಮಾರನಹಳ್ಳಿಯಲ್ಲಿ ನಮ್ಮ ತವರುಮನೆಯ ಬಾಡೂಟದ ದಿನ ಹುಡುಗರೆಲ್ಲ ಪಣ ಕಟ್ಟಿ ನುಂಗುತ್ತಿದ್ದರು. ಇವನ ಗಂಟಲಿಗೆ ಬಿಸಿ ತುತ್ತು ಸಿಕ್ಕಿಕೊಂಡು ಉಸಿರು ನಿಂತಂತಾಯಿತು. ಚಿಕ್ಕಪ್ಪ ತಲೆಕೆಳಗಾಗಿ ಹಿಡಿದು ಬೆನ್ನಿಗೆ ಗುದ್ದಿ ಹೊರಗೆ ತೆಗೆದರು. ಅವತ್ತಿನಿಂದ ಅವನಿಗೆ ಗಟ್ಟಿಯಾದದ್ದು ಒಳಗಿಳಿಯಲಿಲ್ಲ. ಅವ್ವ ಅಂಬಲಿ ಕಾಯಿಸಿ, ಬಾಳೆಹಣ್ಣು ಕಿವುಚಿ ಕೊಟ್ಟು ಬೆಳೆಸಿದಳು.

ಹಾಸ್ಟೆಲಿಗೆ ಬಿಡಲು ಬಂದಾಗ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು. "ಪುಟ್ಟತಾಯಿ, ದಿನಾ ಒಂದ್ ಚೊಂಬು ಅಂಬ್ಲಿ ಕಾಯಿಸ್ಕೊಡವ್ವ ಇವ್ನಿಗೆ. ಇನ್ನೇನೂ ಬ್ಯಾಡ."

"ಆಯ್ತು ಬುಡವ್ವ" ಅಂದೆ. ಕೊಡಲಿಲ್ಲ.

ಯಾಕೆ ಕೊಡಲಿಲ್ಲವೆಂದರೆ, ನನಗಿಂತ ಮುಂಚೆ ಇದ್ದ ಅಡುಗೆಯವನು ತನ್ನ ಅಣ್ಣನ ಮಗನ ತಟ್ಟೆಗೆ ದಪ್ಪ ಸಾರು, ಉಳಿದವರಿಗೆ ತಿಳಿ ಬಡಿಸಿದನೆಂದು ಹುಡುಗರು ಗಲಾಟೆ ಮಾಡಿ, ಅವನ ಕೆಲಸ ಹೋಗಿತ್ತು. ನಾನು ಬಂದ ದಿನವೇ ವಾರ್ಡನ್ ಸಾಹೇಬರು ಹೇಳಿದ್ದರು. "ನೋಡಮ್ಮ, ಪಂಕ್ತಿಯಲ್ಲಿ ಭೇದ ಮಾಡಬೇಡಿ, ಅಷ್ಟೇ." ಅವರು ಕೆಟ್ಟವರಲ್ಲ, ಹೇಳಿದ್ದರಲ್ಲೂ ತಪ್ಪಿಲ್ಲ. ಆದರೆ ನನ್ನ ತಲೆಯಲ್ಲಿ ಆ ಮಾತು ಬೆಳೆದು ಭೂತವಾಯಿತು. ಸಿದ್ದನಿಗೆ ಬಡಿಸುವಾಗ ಎಲ್ಲರ ಕಣ್ಣೂ ನನ್ನ ಸೌಟಿನ ಮೇಲೆ ಇದ್ದಂತೆ ಅನ್ನಿಸುತ್ತಿತ್ತು. ಹಾಗಾಗಿ ಅವನಿಗೆ ಎಲ್ಲರಿಗಿಂತ ಕಡಿಮೆ ನಗುತ್ತಿದ್ದೆ, ಎಲ್ಲರಿಗಿಂತ ಜೋರಾಗಿ ಗದರುತ್ತಿದ್ದೆ. ಹಾಸ್ಟೆಲಿನಲ್ಲಿ 'ಅಕ್ಕ' ಎಂದು ನನ್ನನ್ನು ಎಲ್ಲ ಹುಡುಗರೂ ಕರೆಯುತ್ತಿದ್ದರು, ಅವನೊಬ್ಬ ಕರೆಯದಂತೆ ಮಾಡಿದ್ದೆ.

ಅವನು ಅನ್ನವನ್ನು ಸಾರಿನಲ್ಲಿ ಕಿವುಚಿ ನೀರು ಮಾಡಿ ಕುಡಿಯುತ್ತಿದ್ದ. ಮುದ್ದೆಯ ದಿನ ಮೂಲೆಯಲ್ಲಿ ಕೂತು ಕಡಲೆಯಷ್ಟು ಚೂರು ಮಾಡಿ ಅಗಿಯುತ್ತಿದ್ದ. ಒಂದು ದಿನ ಹತ್ತನೇ ಕ್ಲಾಸಿನವರು ಅದನ್ನು ಕಂಡರು.

"ಅಗೀತಾವ್ನೆ ನೋಡ್ರಲಾ! ಎಮ್ಮೆ ಮೆಲುಕ್ ಹಾಕ್ದಂಗೆ!"

"ಲೇ ಸಿದ್ದ, ಹಲ್ಲೈತೆ ಗಂಟ್ಲಿಲ್ವೇನ್ಲಾ?"

"ಅಕ್ಕ ಬಂದು ಬಾಯಿಗಿಕ್ಬೇಕು ಕಣ್ಲಾ ಇವುಂಗೆ. ಅದ್ಕೇ ಕಾಯ್ತಾವ್ನೆ."

ಕೊನೆಯ ಮಾತು ಕೇಳಿ ನನಗೆ ತಲೆ ಕೆಟ್ಟಿತು. ಸೌಟು ಬಿಸಾಕಿ ಪಂಕ್ತಿಯೊಳಗೆ ಹೋದೆ. ಅವನ ಎದುರು ಕುಕ್ಕರಗಾಲಿನಲ್ಲಿ ಕೂತೆ. ಮುದ್ದೆ ಮುರಿದೆ, ಸಾರಿನಲ್ಲಿ ಹೊರಳಿಸಿದೆ, ಬಾಯಿಗೆ ತುರುಕಿದೆ, ಉಗುಳದಂತೆ ಅಂಗೈಯಲ್ಲಿ ಬಾಯಿ ಮುಚ್ಚಿದೆ.

"ನುಂಗು" ಅಂದೆ. "ನನ್ ಮಾನ ಕಳೀಬ್ಯಾಡ, ನುಂಗು."

ಅವನು ಕೈಯೆತ್ತಲಿಲ್ಲ, ಕೊಸರಾಡಲಿಲ್ಲ. ಕಣ್ಣು ಅಗಲ ಮಾಡಿ ನನ್ನನ್ನೇ ನೋಡಿದ. ನುಂಗಿದ. ನಾನು ಕೈ ತೆಗೆದೊಡನೆ ತಟ್ಟೆಗೇ ಕಾರಿಕೊಂಡ. ತಮಾಷೆ ಮಾಡಿದವರಲ್ಲೇ ಒಬ್ಬ ಎದ್ದು ನೀರು ತಂದುಕೊಟ್ಟ. ನಾನು ಮಾತ್ರ ಸೌಟು ಎತ್ತಿಕೊಂಡು ಮುಂದಿನವನಿಗೆ ಬಡಿಸಲು ಹೋದೆ.

ಮಾರನೆಯ ಬೆಳಗ್ಗೆ ಸಿದ್ದ ಊರಿನ ಬಸ್ಸು ಹತ್ತಿದ್ದ. ಮತ್ತೆ ಹಾಸ್ಟೆಲಿಗೆ ಬರಲಿಲ್ಲ. ಓದು ಅಲ್ಲಿಗೇ ನಿಂತಿತು. ಆ ಹೊತ್ತಿಗೆ ಬಿಡದಿಯ ಕಾರ್ಖಾನೆಗಳು ಊರೂರಿನ ಹುಡುಗರನ್ನು ಎಳೆದುಕೊಳ್ಳುತ್ತಿದ್ದವು. ವಯಸ್ಸು ತುಂಬಿದ ಮೇಲೆ ಇವನೂ ಒಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ. ಹಬ್ಬಕ್ಕೆ ನಮ್ಮ ಮನೆಗೆ ಬಂದರೆ ಜಗಲಿಯಲ್ಲಿ ಕೂರುತ್ತಿದ್ದ, ನನ್ನ ಮಕ್ಕಳ ಜೊತೆ ಆಡುತ್ತಿದ್ದ. ತಟ್ಟೆ ಇಡಲು ಹೋದರೆ ಒಂದೇ ಮಾತು. "ಈಗ್ತಾನೆ ಉಂಡ್ಕಂಡ್ ಬಂದೆ ಕಣಕ್ಕ."

ನಾನು ಅವನನ್ನು ಹಠಮಾರಿ ಅಂದುಕೊಂಡೆ. ವರ್ಷಗಳ ಕಾಲ ಹಾಗೆಯೇ ಅಂದುಕೊಂಡಿದ್ದೆ.

ಅದನ್ನು ಬಿಡಿಸಿದವನು ನವೀನ ಅನ್ನುವ ಹುಡುಗ. ತಾಯಿ ಕನಕಪುರ ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುತ್ತಿದ್ದಳು. ಹುಡುಗ ಬಿಸ್ಕತ್ತು, ಬರೀ ಅನ್ನ ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ. ಒಂದು ದಿನ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಿದ್ದವನು ದೊಪ್ಪನೆ ಬಿದ್ದ. ವಾರ್ಡನ್ ಸಾಹೇಬರು ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ರಾಮನಗರದ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಮಕ್ಕಳ ಡಾಕ್ಟರಮ್ಮ ಅವನ ಗಂಟಲು, ಹೊಟ್ಟೆ, ರಕ್ತ ಎಲ್ಲ ನೋಡಿದರು. ತೂಕ ನೋಡಿ ಮುಖ ಸಣ್ಣದು ಮಾಡಿಕೊಂಡರು. ಆಮೇಲೆ ನನ್ನನ್ನು ಕೇಳಿದರು.

"ಊಟದ ಹೊತ್ತಿಗೆ ನೀವು ಏನು ಮಾಡ್ತೀರಿ?"

"ಬಯ್ತೀನಿ ಮೇಡಂ. ಮುಂದೆ ಕೂತ್ಕಂಡು ತಿನ್ನಿಸ್ತೀನಿ. ಹಠ ಮುರೀಬೇಕಲ್ವಾ?"

"ಹಠ ಅಲ್ಲಮ್ಮ ಇದು. ನಿಮಗೆ ಹಾವು ಕಂಡರೆ ಹೇಗೋ ಅವನಿಗೆ ಆ ತುತ್ತು ಹಾಗೆ. ಹಾವನ್ನ ಹಿಡಿದು ಕೊರಳಿಗೆ ಹಾಕಿದರೆ ಭಯ ಹೋಗುತ್ತಾ?"

ಇದಕ್ಕೆ ಏನು ಹೆಸರು ಎಂದು ವಾರ್ಡನ್ ಸಾಹೇಬರು ಕೇಳಿದರು. ಸರಿಯಾದ ಹೆಸರು ಇನ್ನೂ ಗಟ್ಟಿಯಾಗಿಲ್ಲ, ಹೆಸರಿಲ್ಲದಿದ್ದರೂ ಕಾಯಿಲೆ ಕಾಯಿಲೆಯೇ ಅಂದರು. ಕೆಲವು ಮಕ್ಕಳಿಗೆ ವಾಸನೆ, ಮೆತ್ತಗೆ ಗಟ್ಟಿ ಅನ್ನುವುದೇ ತಡೆಯಲಾಗುವುದಿಲ್ಲ, ಕೆಲವರಿಗೆ ಒಂದು ಸಲ ಗಂಟಲಿಗೆ ಸಿಕ್ಕಿಕೊಂಡರೆ ಸಾಕು, ನುಂಗುವುದಕ್ಕೇ ಹೆದರಿಕೆ ಕೂತುಬಿಡುತ್ತದೆ ಅಂದರು.

ಆ ಮಾತು ಕೇಳಿದಾಗ ನಾನು ನವೀನನ ಪಕ್ಕದಲ್ಲಿ ನಿಂತಿದ್ದೆ. ಸಿದ್ದನ ಬಾಯಿ ಮುಚ್ಚಿದ್ದ ಅಂಗೈಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡೆ.

ಡಾಕ್ಟರಮ್ಮ ಹೇಳಿಕೊಟ್ಟದ್ದು ಹೀಗೆ. ಅವನು ಈಗ ತಿನ್ನುವುದನ್ನು ಮೊದಲು ಹೊಟ್ಟೆ ತುಂಬ ಕೊಡಿ, ಅದನ್ನು ಕಿತ್ತುಕೊಂಡು ಹೊಸದನ್ನು ತಿನ್ನಿಸಬೇಡಿ. ಎದುರು ಕೂತು ಬಾಯಿ ನೋಡಬೇಡಿ. ಹೊಗಳಲೂ ಬೇಡಿ, ಬಯ್ಯಲೂ ಬೇಡಿ. ಹೊಸ ಪದಾರ್ಥ ಹತ್ತಿರ ಇರಲಿ, ಮುಟ್ಟಲಿ, ಮೂಸಲಿ, ತಿನ್ನದಿದ್ದರೂ ಪರವಾಗಿಲ್ಲ. ತೂಕ ತೋರಿಸಲು ಮಾತ್ರ ತಪ್ಪದೆ ಕರೆದುಕೊಂಡು ಬನ್ನಿ, ತಲೆ ಸುತ್ತಿದರೆ, ಬಿದ್ದರೆ ಕಾಯಬೇಡಿ, ಇಲ್ಲಿಗೇ ಬನ್ನಿ. ಆ ಮಾತಿನಂತೆ ಪಾಪ ವಾರ್ಡನ್ ಸಾಹೇಬರು ಪ್ರತಿ ಸಲ ತಾವೇ ಕರೆದುಕೊಂಡು ಹೋದರು.

ಹಾಸ್ಟೆಲಿಗೆ ಬಂದ ಮೇಲೆ ನವೀನನನ್ನು ಒಂದು ಮಾತು ಕೇಳಿದೆ. ಅಷ್ಟು ದಿನ ಯಾರೂ ಕೇಳಿರಲಿಲ್ಲ. "ನಿಂಗೆ ಏನ್ ಕೊಟ್ರೆ ತಿನ್ನಕ್ಕಾಯ್ತದೆ?"

ಅವನು ಒಂದೊಂದಾಗಿ ಹೇಳಿದ. "ಅನ್ನ. ಸ್ವಲ್ಪ ಉಪ್ಪು, ತುಪ್ಪ. ಬೇರೆ ತಟ್ಟೇಲಿ. ಆ ತಟ್ಟೇಲಿ ಸಾರ್ ಹಾಕಿರ್ಬಾರ್ದು."

ಅಷ್ಟೇ. ಸ್ಟೀಲು ತಟ್ಟೆಯೊಂದನ್ನು ಅವನಿಗೆಂದೇ ತೆಗೆದಿಟ್ಟೆ. ತುಪ್ಪ ಅವನ ತಾಯಿ ತಂದುಕೊಟ್ಟಳು. ವಾರ್ಡನ್ ಸಾಹೇಬರಿಗೆ ಅನುಮಾನ.

"ಪುಟ್ಟತಾಯಮ್ಮ, ಒಬ್ಬನಿಗೆ ಮಾಡಿದ್ರೆ ಎಲ್ಲರೂ ಕೇಳ್ತಾರಲ್ಲ?"

"ಕೇಳಿದ್ರೆ ಕೊಡ್ತೀನಿ ಸಾರ್" ಅಂದೆ. ಅಂದಮೇಲೆ ನನಗೇ ಹೆದರಿಕೆಯಾಯಿತು.

ಕೇಳಿದರು. ಒಂದೆರಡು ದಿನ ನಾಲ್ಕಾರು ಹುಡುಗರು ಬಂದು "ನಮ್ಗೂ ಬರೀ ಅನ್ನ ಕೊಡಕ್ಕ, ನಾವೂ ಪೇಷೆಂಟು" ಅಂತ ನಕ್ಕರು. ಕೊಟ್ಟೆ. ಸಪ್ಪೆ ಅನ್ನ ತಿಂದು ಮುಖ ಕಿವುಚಿ, ಮೂರನೆಯ ದಿನ ಹುರುಳಿಕಾಳು ಸಾರಿಗೆ ಓಡಿ ಬಂದರು. ಆಮೇಲೆ ಯಾರೂ ಅವನ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ನಾನು ಒಲೆಯ ಮುಂದೆ ಕೂತು ಅತ್ತೆ. ಇಷ್ಟು ಸಣ್ಣ ಗೇಲಿಗೆ ಹೆದರಿ ನನ್ನ ತಮ್ಮನಿಗೆ ಒಂದು ಚೊಂಬು ಅಂಬಲಿ ಕೊಟ್ಟಿರಲಿಲ್ಲ.

ಅವರೆಕಾಯಿಯ ಕಾಲ ಬಂತು. ಮಾಗಡಿಯ ಅವರೆಕಾಯಿ ಅಂದರೆ ಗೊತ್ತಲ್ಲ, ಬಿಡಿಸುವಾಗಲೇ ಕೈಗೆ ಸೊಗಡು ಹತ್ತುತ್ತದೆ. ಮೂಟೆ ಬಿಚ್ಚಿ ಹುಡುಗರನ್ನೆಲ್ಲ ಸುತ್ತ ಕೂರಿಸಿಕೊಂಡೆ. ನವೀನ ದೂರ ಕೂತ. ಮೂಗು ಮುಚ್ಚಿಕೊಂಡ. ಮರುದಿನ ಸ್ವಲ್ಪ ಹತ್ತಿರ ಬಂದ. ಆಮೇಲೊಂದು ದಿನ ಕಾಯಿ ಬಿಡಿಸತೊಡಗಿದ. ಕಾಳನ್ನು ಹಿಸುಕಿದರೆ ಬೇಳೆ ಪುಳಕ್ಕನೆ ಹಾರುವ ಆಟ ಅವನಿಗೆ ಹಿಡಿಸಿತು. ಒಂದು ಬೇಳೆ ಹಾರಿ ವಾರ್ಡನ್ ಸಾಹೇಬರ ಕನ್ನಡಕಕ್ಕೆ ಬಡಿಯಿತು. ಅವರು ನಕ್ಕುಬಿಟ್ಟರು, ಇವನೂ ನಕ್ಕ. ಹಾಸ್ಟೆಲಿಗೆ ಬಂದ ಮೇಲೆ ಅವನು ನಕ್ಕಿದ್ದನ್ನು ನಾನು ಅವತ್ತೇ ನೋಡಿದ್ದು. ಬೇಯಿಸಿದ ಕಾಳನ್ನು ಬಟ್ಟಲಲ್ಲಿ ಅವನ ಪಕ್ಕ ಇಡುತ್ತಿದ್ದೆ. ಇಟ್ಟು ಆ ಕಡೆ ತಿರುಗಿ ಪಾತ್ರೆ ಉಜ್ಜುತ್ತಿದ್ದೆ. ಬಟ್ಟಲು ಬಹಳ ದಿನ ಇಟ್ಟಂತೆಯೇ ವಾಪಸು ಬಂತು. ಅಡುಗೆಯವಳಿಗೆ ಅದಕ್ಕಿಂತ ಕಷ್ಟ ಬೇರೆ ಇಲ್ಲ, ತಿರುಗಿ ನೋಡದೆ ಇರುವುದು. ಆಮೇಲೆ ಯಾವತ್ತೋ ಹಿಂದಿನಿಂದ ದನಿ ಬಂತು.

"ಅಕ್ಕ, ಇದ್ರ ಸಿಪ್ಪೆ ತೆಗ್ದು ಕೊಡ್ತೀರಾ? ಒಳಗಿಂದು ಚೆನ್ನಾಗೈತೆ."

"ನೀನೇ ತೆಕ್ಕೊಳಪ್ಪ, ನನ್ ಕೈ ಒದ್ದೆ ಐತೆ" ಅಂದೆ. ಕೈ ಒದ್ದೆಯಾಗಿತ್ತು ನಿಜ. ತಿರುಗಿದ್ದರೆ ನನ್ನ ಮುಖ ನೋಡಿ ಅವನು ಹೆದರುತ್ತಿದ್ದ.

ನವೀನ ಎಲ್ಲವನ್ನೂ ತಿನ್ನುವ ಹುಡುಗನೇನೂ ಆಗಲಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಹಿಸುಕಿದ ಬೇಳೆ ಸೇರಿತು, ಆಮೇಲೆ ಆಲೂಗಡ್ಡೆ ಸೇರಿತು, ಮೊಟ್ಟೆಯ ಬಿಳಿ ಭಾಗ ಸೇರಿತು. ತೂಕ ಏರಿತು. ಹತ್ತನೇ ಕ್ಲಾಸು ಮುಗಿಸಿಕೊಂಡು ಹೋದ.

ಆ ವರ್ಷ ರಜೆಯಲ್ಲಿ ನಾನು ಬಿಡದಿಗೆ ಸಿದ್ದನ ರೂಮಿಗೆ ಹೋದೆ. ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ. ನವೀನನ ಕಥೆ, ಡಾಕ್ಟರಮ್ಮನ ಮಾತು ಎಲ್ಲ ಹೇಳಿದೆ. ಒಂದು ಬೂಟು ಕೈಯಲ್ಲೇ ಹಿಡಿದು ಅವನು ಕೇಳಿದ.

"ಈಗ ಏನ್ ತಿಂತಾನೆ ಆ ಹುಡ್ಗ?"

ಹೇಳಿದೆ.

"ಒಳ್ಳೇದಾಯ್ತು ಬುಡಕ್ಕ."

"ನಿಂಗೆ ನಾನು ಮಾಡಿದ್ದು ತಪ್ಪು ಕಣೋ ಸಿದ್ದ. ಹಠ ಅಂದ್ಕಂಡಿದ್ದೆ."

ಅವನು ಬೂಟಿನ ದಾರವನ್ನು ಬೆರಳಿಗೆ ಸುತ್ತುತ್ತ ಹೇಳಿದ. "ಬಾಯಿಗೆ ತುರುಕಿದ್ದು ಮರ್ತೋಗಿತ್ತು ಕಣಕ್ಕ. ಅವ್ವ ಅಂಬ್ಲಿ ಕೊಡು ಅಂತ ನಿಂಗೆ ಹೇಳಿದ್ದು ನನ್ ಕಿವಿಗೆ ಬಿದ್ದಿತ್ತು. ದಿನಾ ನೋಡ್ತಿದ್ದೆ, ಇವತ್ತು ಕೊಡ್ತಾಳೇನೋ, ಇವತ್ತು ಕೊಡ್ತಾಳೇನೋ ಅಂತ. ಅದು ಮರೆಯಕ್ಕಾಗ್ಲಿಲ್ಲ."

ಅವನೇ ಎದ್ದು ಟೀ ಮಾಡಿಕೊಟ್ಟ. ನಾನು ಕುಡಿದೆ. ಅವನು ಕ್ಷಮಿಸಿದನೋ ಇಲ್ಲವೋ ಕೇಳಲಿಲ್ಲ. ಅದು ಕೇಳಿ ಪಡೆಯುವಂಥದ್ದಲ್ಲ ಅನ್ನಿಸಿತು. ಆಮೇಲೂ ಹಬ್ಬಕ್ಕೆ ಬರುತ್ತಿದ್ದ, ಉಂಡುಕೊಂಡೇ ಬರುತ್ತಿದ್ದ. ಮದುವೆಯಾದ, ಹೆಣ್ಣುಮಗು ಹುಟ್ಟಿತು. ನಾನು ತಟ್ಟೆ ಹಾಕುವುದನ್ನೇ ಬಿಟ್ಟೆ, ಅವನಿಗೆ ಇಲ್ಲವೆನ್ನುವ ಕಷ್ಟವೂ ಬೇಡ ಎಂದು.

ನಾನು ನಿವೃತ್ತಳಾದ ಮೇಲೆ, ಹೋದ ಬೇಸಿಗೆಯಲ್ಲಿ, ಸಿದ್ದ ಹೇಳದೆ ಕೇಳದೆ ಮಗಳು ಚೈತ್ರಳನ್ನು ಕರೆದುಕೊಂಡು ಬಂದ. ಹುಡುಗಿ ಬಡಕಲು, ಕಣ್ಣು ಮಾತ್ರ ಅವನದೇ. ಅವಳನ್ನು ಒಳಗೆ ಕಳುಹಿಸಿ ಜಗಲಿಯಲ್ಲೇ ನಿಂತುಕೊಂಡ.

"ಇವ್ಳೂ ನನ್ನಂಗೇ ಕಣಕ್ಕ. ಬರೀ ಅನ್ನ, ಹಾಲು. ಸಾರು ಕಂಡ್ರೆ ಎದ್ದು ಓಡ್ತಾಳೆ. ಇಸ್ಕೂಲಲ್ಲಿ ಬೋಯ್ತಾರೆ, ಅವ್ರಮ್ಮ ಅಳ್ತಾಳೆ. ಡಾಕ್ಟ್ರತ್ರ ತೋರಿಸ್ತಾ ಇವ್ನಿ. ಆ ಹುಡ್ಗುಂಗೆ ಮಾಡ್ದಂಗೆ ಇವ್ಳಿಗೂ ಮಾಡ್ತೀಯಾ?"

"ಬುಟ್ಟು ಹೋಗ್ತೀಯೇನೋ?"

"ರಜಾ ಹಾಕಿವ್ನಿ. ನಾನೂ ಇರ್ತೀನಿ, ಒಂದೆಲ್ಡು ದಿನ."

ಮಧ್ಯಾಹ್ನ ನಡುಮನೆಯಲ್ಲಿ ಚಾಪೆ ಹಾಸಿದೆ. ಮೆತ್ತಗೆ ಬೇಯಿಸಿದ ಅನ್ನ ಒಂದು ಪಾತ್ರೆಯಲ್ಲಿ, ತಿಳಿಸಾರು ಒಂದು ಪಾತ್ರೆಯಲ್ಲಿ, ಹಾಲು ಒಂದು ಚೊಂಬಿನಲ್ಲಿ ಇಟ್ಟೆ. ಖಾಲಿ ತಟ್ಟೆಗಳನ್ನು ಪಕ್ಕದಲ್ಲಿ ಜೋಡಿಸಿಟ್ಟೆ. "ಯಾರಿಗೆ ಏನ್ ಬೇಕೋ ಹಾಕ್ಕಳ್ಳಿ, ನಂಗೆ ಹಿತ್ಲಲ್ಲಿ ಕೆಲ್ಸ ಐತೆ" ಅಂದು ಎದ್ದು ಹೊರಗೆ ಹೋದೆ. ಹಿತ್ತಲಲ್ಲಿ ಕೆಲಸವೇನೂ ಇರಲಿಲ್ಲ. ಒಗೆದು ಒಣಗಿದ್ದ ಬಟ್ಟೆಗಳನ್ನು ಮತ್ತೆ ನೆನೆಸಿ ಒಗೆದೆ. ಒಳಗೆ ಅಪ್ಪ ಮಗಳು ಏನೋ ಪಿಸುಗುಟ್ಟಿದ್ದು ಕೇಳಿತು. ತಿರುಗಲಿಲ್ಲ.

ಒಳಗೆ ಬಂದಾಗ ಅವನು ಹೊರಗೆ ಹೋಗಿದ್ದ. ತಟ್ಟೆಗಳನ್ನೆಲ್ಲ ತಾನೇ ತೊಳೆದು ಗೋಡೆಗೆ ಒರಗಿಸಿಟ್ಟಿದ್ದ. ಯಾರು ಉಂಡರು, ಯಾರು ಬಿಟ್ಟರು ಗೊತ್ತಾಗುವಂತಿರಲಿಲ್ಲ. ಪಾತ್ರೆಯ ಮುಚ್ಚಳ ತೆಗೆದು ನೋಡಬೇಕೆಂದು ಕೈ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ.

ಚೈತ್ರ ಹೊಸ್ತಿಲ ಮೇಲೆ ಕೂತು ಕಾಲು ಆಡಿಸುತ್ತಿದ್ದಳು.

"ಅತ್ತೆ, ಸಾರಿಗೆ ಉಪ್ಪು ಜಾಸ್ತಿ ಆಗಿತ್ತಂತೆ."

ಸಾರನ್ನು ಆ ಮಗು ಮುಟ್ಟುವುದಿಲ್ಲ.

ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. "ನಾಳೆ ಅತ್ತೆ ಕಮ್ಮಿ ಹಾಕ್ತಾಳಂತೆ ಅಂತ ಹೇಳವ್ವ ನಿಮ್ಮಪ್ಪುಂಗೆ" ಅಂದೆ.